ಹಿಮ ಕರಗಿದ ಮೇಲೆ ಕಂಡ ಗುಲ್ಮಾರ್ಗ್

ಗುಲ್ಮಾರ್ಗ್‌ಗೆ ಯಾವಾಗ ಹೋದರೆ ಒಳ್ಳೇದು ಅಂತ ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಒಂದೇ. ಸ್ಕೀ ಮಾಡಬೇಕಾ, ಫೆಬ್ರವರಿಯಲ್ಲಿ ಹೋಗಿ. ಆ ಬೆಟ್ಟ ಹೇಗಿದೆ ಅಂತ ನೋಡಬೇಕಾ, ಜೂನ್‌ನಲ್ಲಿ ಹೋಗಿ. ನಾನು ಚಳಿಗಾಲದಲ್ಲಿ ತಮ್ಮನ ಜೊತೆ ಹೋಗಿದ್ದೆ. ಆಮೇಲೆ ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ. ಮಜಾ ಜಾಸ್ತಿ ಬಂದಿದ್ದು ಚಳಿಗಾಲದಲ್ಲೇ, ಸುಳ್ಳು ಯಾಕೆ ಹೇಳಲಿ. ಆದರೆ ಆಗ ನನ್ನ ಕಾಲ ಕೆಳಗೆ ಏನಿತ್ತು ಅಂತ ಗೊತ್ತಾಗಿದ್ದು ಮಾತ್ರ ಬೇಸಿಗೆಯಲ್ಲಿ.

ಶ್ರೀನಗರದಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್. ತಂಗ್‌ಮಾರ್ಗ್ ಅನ್ನೋ ಪೇಟೆಯವರೆಗೆ ಯಾವ ಕಾರಾದರೂ ಹೋಗುತ್ತದೆ. ಕೊನೆಯ 13 ಕಿಲೋಮೀಟರ್ ಪೈನ್ ಕಾಡಿನ ನಡುವೆ ತಿರುವು ತಿರುವಾಗಿ ಹತ್ತುವ ದಾರಿ. ಚಳಿಗಾಲದಲ್ಲಿ ಕಷ್ಟ ಇರುವುದು ಇಲ್ಲೇ. ಹಿಮ ಬಿದ್ದಿದ್ದರೆ ಶ್ರೀನಗರದ ಟ್ಯಾಕ್ಸಿ ತಂಗ್‌ಮಾರ್ಗ್‌ನಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಟೈರಿಗೆ ಚೈನ್ ಕಟ್ಟಿದ ಜೀಪಿನಲ್ಲಿ ಹೋಗಬೇಕು. ನಮ್ಮ ಡ್ರೈವರ್ ಚೈನನ್ನು ರಸ್ತೆ ಮೇಲೆ ಉದ್ದಕ್ಕೆ ಹಾಸಿದ. ಅದರ ಮೇಲೆ ಗಾಡಿಯನ್ನು ಒಂದಡಿ ಮುಂದೆ ತಂದ. ಆಮೇಲೆ ಬರಿಗೈಯಲ್ಲೇ ಚೈನಿನ ಎರಡು ತುದಿ ಎಳೆದು ಕೊಂಡಿ ಸಿಕ್ಕಿಸಿದ. ಗ್ಲೌಸ್ ಹಾಕಿಕೊಂಡೇ ಚಳಿಗೆ ನಡುಗುತ್ತಿದ್ದ ನಾವು ಬಾಯಿ ಮುಚ್ಚಿಕೊಂಡು ನೋಡಿದೆವು.

ತಂಗ್‌ಮಾರ್ಗ್‌ನಲ್ಲಿ ಇಳಿದ ತಕ್ಷಣ ಗಂಬೂಟು, ಉದ್ದನೆ ಕೋಟು ಬಾಡಿಗೆಗೆ ಕೊಡುವವರು ಮುತ್ತಿಕೊಳ್ಳುತ್ತಾರೆ. ಇದಿಲ್ಲದೆ ಮೇಲೆ ಬಿಡಲ್ಲ ಅಂತಲೂ ಕೆಲವರು ಹೆದರಿಸುತ್ತಾರೆ. ಹಾಗೇನೂ ಇಲ್ಲ. ನೀರು ಒಳಗೆ ಹೋಗದ, ಹಿಡಿತ ಇರುವ ಬೂಟು ನಿಮ್ಮದೇ ಇದ್ದರೆ ಸುಮ್ನೆ ಮುಂದೆ ನಡೆಯಿರಿ. ಇನ್ನೊಂದು ವಿಷಯ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡಲ್ಲ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ.

ಇನ್ನು ಸ್ಕೀ ವಿಷಯಕ್ಕೆ ಬರೋಣ. ತಮ್ಮನಿಗೆ ಮೊದಲೇ ಬರುತ್ತಿತ್ತು. ನನಗೆ ಏನೂ ಬರುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಹೊಸದಾಗಿ ಬೀಳುವುದನ್ನು ಕಲಿಯುವುದು ಬೇಕಾ ಅಂತ ಅನ್ನಿಸದೇ ಇರಲಿಲ್ಲ. ಮೊದಲ ಗಂಟೆಯೆಲ್ಲ ಬೂಟಿನ ಜೊತೆಗಿನ ಜಗಳ. ಸ್ಕೀ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಒಳಗೆ ಪಾದದ ಕೀಲು ಸ್ವಲ್ಪವೂ ಅಲ್ಲಾಡಲ್ಲ. ಮೊಣಕಾಲು ಮುಂದಕ್ಕೆ ಬಾಗಿಸಿಕೊಂಡೇ ನಿಲ್ಲಬೇಕು. ನಡೆಯುವಾಗ ಹಿಮ್ಮಡಿ ಮೊದಲು ಊರಬೇಕು. ಆಮೇಲೆ ಆ ಬೂಟನ್ನು ಸ್ಕೀ ಹಲಗೆಗೆ ಸಿಕ್ಕಿಸಬೇಕು. ಬೆರಳಿನ ಕಡೆಯನ್ನು ಮುಂದಿನ ಕೊಂಡಿಗೆ ತೂರಿಸಿ ಹಿಮ್ಮಡಿ ಒತ್ತಿದರೆ ಟಕ್ ಅಂತ ಕೂರುತ್ತದೆ. ನಂದು ಕೂರಲೇ ಇಲ್ಲ. ಎಷ್ಟು ಒತ್ತಿದರೂ ಇಲ್ಲ. ಕಲಿಸುವ ಹುಡುಗ ಬಂದು ನನ್ನ ಕಾಲು ಎತ್ತಿಸಿದ. ಅಡಿಯಲ್ಲಿ ಬೆರಳಿನಷ್ಟು ದಪ್ಪ ಹಿಮ ಗಟ್ಟಿಯಾಗಿ ಅಂಟಿತ್ತು. ಕೋಲಿನಿಂದ ಕೆರೆದ. ಟಕ್.

ನಿಲ್ಲಿಸುವುದನ್ನು ಮೊದಲು ಕಲಿಸುತ್ತಾರೆ, ಓಡಿಸುವುದನ್ನಲ್ಲ. ಎರಡೂ ಹಲಗೆಯ ಮುಂದಿನ ತುದಿಗಳನ್ನು ಹತ್ತಿರ ತರಬೇಕು, ಹಿಂದಿನ ತುದಿಗಳನ್ನು ಅಗಲ ಮಾಡಬೇಕು. ಒಳಗಿನ ಅಂಚು ಹಿಮವನ್ನು ಕೆರೆಯುತ್ತದೆ, ವೇಗ ಕಡಿಮೆ ಆಗುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಇಳಿಜಾರು ಕಂಡ ತಕ್ಷಣ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಹಲಗೆಯ ಮುಂಭಾಗದ ಮೇಲೆ ಭಾರ ಇರಲ್ಲ, ಹಿಡಿತ ತಪ್ಪುತ್ತದೆ, ಇನ್ನೂ ಜೋರಾಗಿ ಓಡುತ್ತದೆ. ಹೆದರಿಕೆ ಆದಾಗ ಇಳಿಜಾರಿನ ಕಡೆಗೇ ಬಾಗಬೇಕು. ಇದು ತಲೆಗೆ ಅರ್ಥವಾಗುವುದಕ್ಕೆ ಒಂದು ನಿಮಿಷ, ಮೊಣಕಾಲಿಗೆ ಅರ್ಥವಾಗುವುದಕ್ಕೆ ಎರಡು ದಿನ. 'ಮೇಡಂ, ನೀಚೇ ಮತ್ ದೇಖೋ, ಆಗೇ ದೇಖೋ' ಅಂತ ಹುಡುಗ ಕೂಗುತ್ತಲೇ ಇದ್ದ. ನಾನು ನನ್ನ ಕಾಲನ್ನೇ ನೋಡಿಕೊಂಡು ಬೀಳುತ್ತಲೇ ಇದ್ದೆ. ಬಿದ್ದಾಗಲೆಲ್ಲ ಹಲಗೆ ತಾನೇ ಕಳಚಿಕೊಳ್ಳುತ್ತಿತ್ತು. ಜೋರಾಗಿ ತಿರುಚಿದರೆ ಬಿಟ್ಟುಕೊಳ್ಳುವ ಹಾಗೆ ಆ ಕೊಂಡಿ ಮಾಡಿರುತ್ತಾರೆ. ಇಲ್ಲದಿದ್ದರೆ ಮೊಣಕಾಲೇ ತಿರುಚಿಕೊಳ್ಳುತ್ತದೆ.

ನಾನು ಬೀಳುತ್ತಿದ್ದ ಜಾಗ ಬಯಲಿನ ಅಂಚಿನ ಸಣ್ಣ ಇಳಿಜಾರು. ಎತ್ತರ ಸುಮಾರು 2,650 ಮೀಟರ್. ತಮ್ಮ ಹೋಗುತ್ತಿದ್ದುದು ಮೇಲಕ್ಕೆ. ಅಲ್ಲಿ ಗೊಂಡೋಲಾ, ಅಂದರೆ ತಂತಿ ಮೇಲೆ ತೂಗಿಕೊಂಡು ಹೋಗುವ ಕೇಬಲ್ ಕಾರು, ಎರಡು ಹಂತದಲ್ಲಿದೆ. ಮೊದಲನೆಯದು 1998ರಲ್ಲಿ ಶುರುವಾಯಿತು, 3,000 ಮೀಟರ್ ದಾಟಿದ ಕೊಂಗ್‌ಡೂರಿಗೆ ಬಿಡುತ್ತದೆ. ಎರಡನೆಯದು 2005ರದ್ದು, ಅಫರ್ವತ್ ಬೆಟ್ಟದ ಭುಜಕ್ಕೆ, ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ. ಅಷ್ಟು ಎತ್ತರಕ್ಕೆ ಹಲಗೆ ಹಿಡಿದುಕೊಂಡು ಕೂತೇ ಹೋಗಬಹುದಾದ ಜಾಗ ಜಗತ್ತಿನಲ್ಲಿ ಕಡಿಮೆ. ದೂರದ ದೇಶಗಳಿಂದ ಜನ ಬರುವುದು ಇದಕ್ಕೆ, ಮತ್ತೆ ಇಲ್ಲಿನ ಒಣ ಹಿಮಕ್ಕೆ. ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಪೀರ್ ಪಂಜಾಲ್ ಬೆಟ್ಟಸಾಲಿಗೆ ಬಡಿದು ಹಿಮವನ್ನು ಇಲ್ಲಿ ಇಳಿಸಿಬಿಡುತ್ತವೆ. ಕೈಯಲ್ಲಿ ಹಿಡಿದು ಉಂಡೆ ಕಟ್ಟೋಣ ಅಂದರೆ ಕಟ್ಟುವುದಕ್ಕೇ ಬರಲ್ಲ. ಊದಿದರೆ ಹಾರುತ್ತದೆ.

ನಾವಿದ್ದಾಗ ರಾತ್ರಿಯೆಲ್ಲ ಹಿಮ ಸುರಿಯಿತು. ಬೆಳಿಗ್ಗೆ ಆಕಾಶ ತಿಳಿಯಾಗಿ ನೀಲಿ. ತಮ್ಮ ಆರು ಗಂಟೆಗೇ ರೆಡಿ. ಆದರೆ ಎರಡನೇ ಹಂತ ಮುಚ್ಚಿತ್ತು. ಅವನ ಮುಖ ನೋಡಬೇಕಿತ್ತು.

'ಅಕ್ಕಾ, ಇಷ್ಟು ಒಳ್ಳೆ ಹಿಮ ಬಿದ್ದಿದೆ, ಬಿಸಿಲು ಬಂದಿದೆ. ಇವತ್ತು ಯಾಕೆ ಮುಚ್ಚಿದ್ದಾರೆ?'

ಅದೇ ಕಾರಣಕ್ಕೆ. ಹೊಸ ಹಿಮ ಹಳೆಯ ಪದರದ ಮೇಲೆ ಸರಿಯಾಗಿ ಕೂತಿರಲ್ಲ. ಗಾಳಿ ಒಂದು ಕಡೆಯದನ್ನು ಎತ್ತಿ ಇನ್ನೊಂದು ಕಡೆ ಗುಡ್ಡೆ ಹಾಕಿರುತ್ತದೆ. ಅದು ಒಟ್ಟಿಗೆ ಕುಸಿದು ಬರಬಹುದು. ಸ್ಕೀ ಪ್ಯಾಟ್ರೋಲ್‌ನವರು, ಅಂದರೆ ಇಳಿಜಾರು ಕಾಯುವ ತಂಡದವರು, ಹೋಗಿ ನೋಡಿ, ಸರಿ ಅಂದ ಮೇಲೆಯೇ ಬಾಗಿಲು ತೆಗೆಯುವುದು. ಅವರು ಕಾಯುವುದೂ ಗೊಂಡೋಲಾ ಕೆಳಗಿನ ಬೋಗುಣಿಯಂಥ ಇಳಿಜಾರನ್ನು ಮಾತ್ರ. ಅದರ ಆಚೆ ಈಚೆ ಕಾಲಿಟ್ಟರೆ ನಿಮ್ಮ ಜವಾಬ್ದಾರಿ ನಿಮ್ಮದು. ಗೈಡ್ ಬೇಕು. ಹಿಮದಡಿ ಸಿಕ್ಕಿಕೊಂಡವರು ಎಲ್ಲಿದ್ದಾರೆ ಅಂತ ಸಿಗ್ನಲ್‌ನಿಂದ ತಿಳಿಸುವ ಬೀಕನ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು, ಮೂರೂ ಬೇಕು. ಬರೀ ಇದ್ದರೆ ಸಾಲದು, ಬಳಸುವುದಕ್ಕೂ ಬರಬೇಕು. ಹಿಮದಡಿ ಸಿಕ್ಕಿಕೊಂಡವರನ್ನು ಮೊದಲ ಕಾಲು ಗಂಟೆಯೊಳಗೆ ತೆಗೆದರೆ ಬದುಕುವ ಸಾಧ್ಯತೆ ಜಾಸ್ತಿ, ಆಮೇಲೆ ಅದು ಸರಸರ ಇಳಿಯುತ್ತದೆ. 2010ರ ಫೆಬ್ರವರಿಯಲ್ಲಿ ಇದೇ ಬೆಟ್ಟದ ಖಿಲನ್‌ಮಾರ್ಗ್‌ನಲ್ಲಿ ಹಿಮ ಕುಸಿದು 17 ಸೈನಿಕರು ಸತ್ತರು. ಪರ್ವತದಲ್ಲಿ ಯುದ್ಧ ಮಾಡುವುದನ್ನು ಹೇಳಿಕೊಡುವ ಸೇನಾ ಶಾಲೆಯ ತರಬೇತಿಯಲ್ಲಿದ್ದವರು ಅವರು. ಇದನ್ನೆಲ್ಲ ತಮ್ಮನ ಗೈಡ್ ಹೇಳಿದಾಗ ನಾನು ತಲೆಯಾಡಿಸಿದೆ. ಆದರೆ ಕಣ್ಣಿಗೆ ಕಾಣುತ್ತಿದ್ದುದು ಬೆಳ್ಳಗೆ, ಮೆತ್ತಗೆ, ಒಂದು ಗೀರೂ ಇಲ್ಲದ ಬೆಟ್ಟ. ಇದರಲ್ಲಿ ಹೆದರುವುದಕ್ಕೆ ಏನಿದೆ ಅಂತ ಒಳಗೊಳಗೇ ಅನ್ನಿಸುತ್ತಿತ್ತು.

ರಾತ್ರಿಗಳ ಬಗ್ಗೆ ಹೇಳುವುದು ಕಡಿಮೆ. ರೂಮಿನಲ್ಲಿ ಬುಖಾರಿ, ಅಂದರೆ ಸೌದೆ ಒಲೆ. ಹಾಸಿಗೆಯಲ್ಲಿ ಎಲೆಕ್ಟ್ರಿಕ್ ಕಂಬಳಿ. ಕರೆಂಟು ಹೋದರೆ ಕಂಬಳಿ ತಣ್ಣಗೆ, ಸೌದೆ ಮುಗಿದರೆ ರೂಮು ತಣ್ಣಗೆ. ನಡುರಾತ್ರಿ ಎದ್ದು ಸೌದೆ ಹಾಕುವ ಪಾಳಿ ಅಕ್ಕನದ್ದೇ ಅಂತ ತಮ್ಮ ತಾನೇ ತೀರ್ಮಾನ ಮಾಡಿಬಿಟ್ಟಿದ್ದ.

ಅಮ್ಮನ ಜೊತೆ ಹೋಗಿದ್ದು ಜೂನ್ ನಡುವಿನಲ್ಲಿ. ಟ್ಯಾಕ್ಸಿ ತಂಗ್‌ಮಾರ್ಗ್‌ನಲ್ಲಿ ನಿಲ್ಲಲೇ ಇಲ್ಲ, ಸೀದಾ ಮೇಲೆ. ಬಯಲಿಗೆ ಬಂದು ಇಳಿದರೆ ನನಗೆ ಗುರುತೇ ಹತ್ತಲಿಲ್ಲ. ಎಲ್ಲ ಹಸಿರು. ಹುಲ್ಲಿನ ತುಂಬ ಹಳದಿ, ಬಿಳಿ, ನೀಲಿ ಹೂವು. ಚಳಿಗಾಲದಲ್ಲಿ ಜನರನ್ನು ಹಿಮದ ಮೇಲೆ ಜಾರುಗಾಡಿಯಲ್ಲಿ, ಅಂದರೆ ಸ್ಲೆಡ್ಜ್‌ನಲ್ಲಿ, ಎಳೆಯುತ್ತಿದ್ದ ಬಯಲಿನಲ್ಲಿ ಈಗ ಗಾಲ್ಫ್ ಆಡುತ್ತಿದ್ದರು. ನಾನು ಹಿಮದ ಮೇಲೆ ಆರಾಮಾಗಿ ದಾಟಿಕೊಂಡು ಓಡಾಡಿದ್ದ ಬೇಲಿ ಈಗ ನನ್ನ ಎದೆ ಮಟ್ಟಕ್ಕೆ ಇತ್ತು. ಆಗ ತುದಿ ಮಾತ್ರ ಕಂಡಿತ್ತು. ಗಿಡಕ್ಕೆ ಆಸರೆ ಕೊಟ್ಟ ಗೂಟ ಇರಬೇಕು ಅಂದುಕೊಂಡಿದ್ದೆ.

ನನಗೆ ಕಲಿಸಿದ್ದ ಹುಡುಗನ ನಂಬರ್ ಇತ್ತು, ಫೋನ್ ಮಾಡಿದೆ. ಕುದುರೆ ಹಿಡಿದುಕೊಂಡು ಬಂದ. ಮನೆಯಲ್ಲಿ ಎರಡು ಕುದುರೆ ಇವೆಯಂತೆ. ಬೇಸಿಗೆಯಲ್ಲಿ ಅವೇ ದುಡಿಮೆ. ಹಿಮ ಬಿದ್ದ ಮೇಲೆ ಅಪ್ಪ ಸ್ಲೆಡ್ಜ್ ಎಳೆಯುತ್ತಾರೆ, ಇವನು ಸ್ಕೀ ಕಲಿಸುತ್ತಾನೆ. ಚಿಕ್ಕಂದಿನಲ್ಲಿ ಹಲಗೆ ಬಾಡಿಗೆಗೆ ಕೊಡುವ ಅಂಗಡಿಯ ಹಳೇ ಸಾಮಾನಿನಲ್ಲೇ ಕಲಿತನಂತೆ. ಇದೇ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗಿದ್ದ ಏಕೈಕ ಭಾರತೀಯ. ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಜೈಂಟ್ ಸ್ಲಾಲಮ್ ಸ್ಕೀ ಸ್ಪರ್ಧೆಯಲ್ಲಿ 45ನೆಯವರಾಗಿ ಮುಗಿಸಿದರು. ಆ ಹೆಸರು ಹೇಳುವಾಗ ಹುಡುಗನ ದನಿ ಬದಲಾಗುತ್ತದೆ. ಅಮ್ಮನನ್ನು ಮಾತ್ರ 'ಮಾ ಜೀ' ಅಂತ ಕರೆದು, ಕುದುರೆ ಹತ್ತಲೇಬೇಕು ಅಂತ ಬೆನ್ನು ಬಿದ್ದ. ಅಮ್ಮ ಹತ್ತಲಿಲ್ಲ. 'ಅದಕ್ಕೂ ಉಸಿರು ಬೇಕಲ್ವಾ ಪಾಪ, ನಾನು ನಡೆದೇ ಬರ್ತೀನಿ' ಅಂದರು.

ಗೊಂಡೋಲಾದಲ್ಲಿ ಕೊಂಗ್‌ಡೂರಿಗೆ ಹೋದೆವು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು, ಅದರಲ್ಲೂ ಎರಡನೇ ಹಂತದ್ದು ಬೇಗ ಮುಗಿದುಹೋಗುತ್ತದೆ. ಗಾಜಿನಿಂದ ಕೆಳಗೆ ನೋಡುತ್ತಾ ಕೂತೆ. ಚಳಿಗಾಲದಲ್ಲಿ ಇದೇ ದಾರಿಯಲ್ಲಿ ದಿಬ್ಬ ದಿಬ್ಬವಾಗಿ ಉಬ್ಬಿದ ಹಿಮ ನೋಡಿದ್ದೆ. ಆ ಉಬ್ಬುಗಳಲ್ಲಿ ಕೆಲವು ಮನೆಗಳಾಗಿದ್ದವು! ಗುಜ್ಜರ್ ದನಗಾಹಿಗಳ ಮನೆಗಳು. ದಪ್ಪ ಮರದ ದಿಮ್ಮಿ ಅಡ್ಡಡ್ಡ ಜೋಡಿಸಿದ ಗೋಡೆ, ಮೇಲೆ ಮಣ್ಣಿನ ಸಪಾಟು ಮಾಡು. ಹಿಂಭಾಗ ಗುಡ್ಡದೊಳಗೇ ಸೇರಿಕೊಂಡಿರುತ್ತದೆ, ಹಾಗಾಗಿ ಮೇಲಿನಿಂದ ನಡೆದು ಬಂದರೆ ನೇರ ಮಾಡಿನ ಮೇಲೇ ಕಾಲಿಡಬಹುದು. ನಾವು ನೋಡಿದ ಮನೆಯ ಮಾಡಿನ ಮೇಲೆ ಹುಲ್ಲು ಬೆಳೆದಿತ್ತು. ಒಂದು ಮೇಕೆ ಅದನ್ನು ಮೇಯುತ್ತಾ ನಿಂತಿತ್ತು. ಬಾಗಿಲ ಹತ್ತಿರ ಒಬ್ಬ ಹೆಂಗಸು ಹೊಗೆ ಹಿಡಿದ ಪಾತ್ರೆ ಉಜ್ಜುತ್ತಿದ್ದಳು. ಬೇಸಿಗೆಯಲ್ಲಿ ಎಮ್ಮೆ, ಕುರಿ ಹೊಡೆದುಕೊಂಡು ಇಲ್ಲಿಗೆ ಬಂದು, ಹಿಮ ಬೀಳುವ ಮೊದಲು ಕೆಳಗಿಳಿಯುತ್ತಾರೆ. ತಮ್ಮ ಫೆಬ್ರವರಿಯಲ್ಲಿ ಇಂಥದ್ದೇ ಒಂದು ದಿಬ್ಬದ ಮೇಲಿಂದ ಹಾರಿ ವಿಡಿಯೋ ಮಾಡಿಸಿಕೊಂಡಿದ್ದ. ಮೇಕೆಯ ಫೋಟೋ ತೆಗೆದು ಅವನಿಗೆ ಕಳಿಸಿದೆ. 'ನೀನು ಹಾರಿದ್ದು ಯಾರದ್ದೋ ಅಡುಗೆಮನೆ ಮೇಲಿಂದ' ಅಂತ.

ಕೊಂಗ್‌ಡೂರಿಯಿಂದ ಸ್ವಲ್ಪ ಪಕ್ಕಕ್ಕೆ ನಡೆದರೆ ಭೂರ್ಜ ಮರಗಳು. ಹಳೇ ಕಾಲದಲ್ಲಿ ಓಲೆ ಬರೆಯುತ್ತಿದ್ದ ತೊಗಟೆ ಇವುಗಳದ್ದೇ. ತೊಗಟೆ ಕಾಗದದ ಹಾಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಒಳಮೈ ತಿಳಿ ಗುಲಾಬಿ. ಆದರೆ ನಾನು ನೋಡುತ್ತಾ ನಿಂತಿದ್ದು ಬುಡವನ್ನು. ಒಂದೂ ಮರ ನೆಟ್ಟಗೆ ಎದ್ದಿಲ್ಲ. ಬುಡ ಮೊದಲು ಇಳಿಜಾರಿನ ಕಡೆಗೆ ಅಡ್ಡಡ್ಡ ಹೋಗಿ, ಆಮೇಲೆ ಬಾಗಿ ಮೇಲೆ ಏಳುತ್ತದೆ, ಊರುಗೋಲನ್ನು ತಲೆಕೆಳಗಾಗಿ ನೆಟ್ಟ ಹಾಗೆ. ಎಳೆ ಗಿಡವಾಗಿದ್ದಾಗಿನಿಂದ ಪ್ರತಿ ಚಳಿಗಾಲವೂ ಹಿಮದ ರಾಶಿ ಅದನ್ನು ಕೆಳಕ್ಕೆ ತಳ್ಳುತ್ತದೆ. ಹಿಮ ಬಿದ್ದಲ್ಲೇ ಸುಮ್ಮನೆ ಕೂರಲ್ಲ, ಕಣ್ಣಿಗೆ ಕಾಣದ ಹಾಗೆ ನಿಧಾನಕ್ಕೆ ಜಾರುತ್ತಲೇ ಇರುತ್ತದೆ. ಬೇಸಿಗೆ ಬಂದಾಗ ಗಿಡ ಮತ್ತೆ ಆಕಾಶ ಹುಡುಕಿಕೊಂಡು ತಿರುಗುತ್ತದೆ.

ಇನ್ನೂ ಮೇಲೆ ನೋಡಿದರೆ ಕಾಡಿನ ನಡುವೆ ಉದ್ದುದ್ದ ಪಟ್ಟಿಗಳು. ಎರಡು ಬದಿಯಲ್ಲೂ ಎತ್ತರದ ಫರ್ ಮರ, ನಡುವೆ ಒಂದೂ ದೊಡ್ಡ ಮರ ಇಲ್ಲ. ಅಲ್ಲಲ್ಲಿ ಮುರಿದ ಮೋಟು, ಎಲ್ಲವೂ ಒಂದೇ ದಿಕ್ಕಿಗೆ ಬಿದ್ದ ದಿಮ್ಮಿ. ಹಿಮ ಕುಸಿದು ಬರುವ ದಾರಿಗಳು ಅವು. ಹುಡುಗ ಬೆರಳು ತೋರಿಸಿ ಒಂದೊಂದೇ ಹೇಳಿದ. ಇದು ದೊಡ್ಡದು, ಇದು ಪ್ರತಿ ವರ್ಷ ಬರುತ್ತದೆ, ಇದು ಗಾಳಿ ಬೀಸಿದರೆ ಮಾತ್ರ. 30ರಿಂದ 45 ಡಿಗ್ರಿ ಓರೆ ಇರುವ ಇಳಿಜಾರೇ ಜಾಸ್ತಿ ಅಪಾಯ ಅಂತ ಫೆಬ್ರವರಿಯಲ್ಲಿ ಕೇಳಿದ್ದೆ. ಅದು ಎಷ್ಟು ಓರೆ ಅಂತ ಗೊತ್ತಾಗಿದ್ದು ಈಗ, ಬರೀ ಕಲ್ಲು ಹುಲ್ಲು ಕಂಡಾಗ. ಚಳಿಗಾಲದಲ್ಲಿ ಹಿಮ ಹಳ್ಳ ತುಂಬಿ, ಬಂಡೆ ಮುಚ್ಚಿ, ಎಲ್ಲವನ್ನೂ ನುಣ್ಣಗೆ ಮಾಡಿಟ್ಟಿತ್ತು. ಬೀಳುವವರನ್ನು ಹಿಡಿದುಕೊಳ್ಳುವ ಕಂದರಗಳು ಅದರಡಿ ಇದ್ದವು. ಅಷ್ಟು ಚಂದದ ದಿನ ಬಾಗಿಲು ಹಾಕಿ ಕೂತಿದ್ದ ಪ್ಯಾಟ್ರೋಲ್‌ನವರ ಮೇಲೆ ನನಗೆ ಗೌರವ ಬಂದಿದ್ದು ಅಲ್ಲೇ. ಹೊಸದಾಗಿ ಸ್ಕೀ ಕಲಿಯುವವರನ್ನು ಮೊದಲು ಬೇಸಿಗೆಯಲ್ಲಿ ಕರೆತಂದು ಈ ಪಟ್ಟಿಗಳನ್ನು ತೋರಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಯಾರು ಕೇಳುತ್ತಾರೆ ಬಿಡಿ.

ಬೇಸಿಗೆ ಇನ್ನೊಂದನ್ನೂ ತೋರಿಸುತ್ತದೆ. ಕಸ. ಹಿಮದಡಿ ಹೂತಿದ್ದ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಒಂಟಿ ಗ್ಲೌಸು ಎಲ್ಲ ಹುಲ್ಲಿನ ನಡುವೆ ಎದ್ದು ಕೂತಿರುತ್ತವೆ. ಚಳಿಗಾಲದಲ್ಲಿ ಎಸೆದವರಿಗೆ ಅದು ಮಾಯವಾದ ಹಾಗೆ ಕಂಡಿರಬೇಕು. ಕುರಿಗಳು ಅದನ್ನು ಮೂಸುತ್ತಾ ಓಡಾಡುವುದನ್ನು ನೋಡಿದರೆ ಮೈ ಉರಿಯುತ್ತದೆ.

ಎರಡನೇ ಹಂತದಲ್ಲಿ ಅಫರ್ವತ್‌ಗೆ ಹೋದಾಗ ಅಮ್ಮ ಮೊದಲು ಕೇಳಿದ್ದು, 'ಇಷ್ಟು ಮೇಲೆ ಬಂದು ಬರೀ ಕಲ್ಲು ನೋಡೋದಾ?' ನಿಜಕ್ಕೂ ಕಲ್ಲೇ. ಒಂದು ಮೂಲೆಯಲ್ಲಿ ಮಾತ್ರ ಹಳೇ ಹಿಮದ ಒಂದು ತುಂಡು ಉಳಿದಿತ್ತು. ಅಲ್ಲಿಗೆ ಬಂದವರೆಲ್ಲ ಅದರ ಮೇಲೇ. ಸ್ಲೆಡ್ಜ್ ಎಳೆಯುವವರು, ಫೋಟೋಗೆ ನಿಲ್ಲುವವರು, ಅಲ್ಲೇ ಸ್ಕೀ ಹಲಗೆ ಕಟ್ಟಿಸಿಕೊಂಡು ಎರಡು ಹೆಜ್ಜೆ ಜಾರುವವರು. ಅಮ್ಮ ಬಗ್ಗಿ ಮುಟ್ಟಿ ನೋಡಿ ಕೈ ಒರೆಸಿಕೊಂಡರು. ಮೇಲೆ ಧೂಳು, ಒಳಗೆ ಕಲ್ಲುಸಕ್ಕರೆ ಗಾತ್ರದ ಹರಳು. ಎಷ್ಟೋ ಸಲ ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮ ಅದು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 60 ಪರ್ಸೆಂಟ್ ಅಷ್ಟೇ. ಅಮ್ಮನನ್ನು ಹತ್ತು ಹೆಜ್ಜೆಗೊಮ್ಮೆ ಕೂರಿಸಿದೆ. ಕೆಳಗಿನಿಂದ ಒಂದೇ ಸಲಕ್ಕೆ ಮೇಲೆ ಬರುವುದರಿಂದ ಹಲವರಿಗೆ ತಲೆನೋವು ಬರುತ್ತದೆ. ವಯಸ್ಸಾದವರಿದ್ದರೆ ಮೊದಲ ದಿನ ಬಯಲಿನಲ್ಲೇ ಕಳೆದು, ಮರುದಿನ ಮೇಲೆ ಹೋಗಿ.

ಅಮ್ಮನಿಗೆ ಕಲ್ಲಿಗಿಂತ ಇಷ್ಟವಾಗಿದ್ದು ಬೆಳಗಿನ ನಂಗಾ ಪರ್ಬತ್. ಬಯಲಿನ ಸುತ್ತ ಇರುವ ರಸ್ತೆಯಲ್ಲಿ ನಡೆಯುವಾಗ ಉತ್ತರಕ್ಕೆ, ತುಂಬ ದೂರದಲ್ಲಿ, ಮೋಡದ ಮೇಲೆ ಅದೊಂದೇ ಕಾಣಿಸಿತು. 8,126 ಮೀಟರ್, ಜಗತ್ತಿನ ಒಂಬತ್ತನೇ ಎತ್ತರದ ಶಿಖರ. ಚಳಿಗಾಲದಲ್ಲಿ ನಮಗೆ ಮಂಜು ಮುಸುಕಿ ಅದು ಕಾಣಲೇ ಇಲ್ಲ. ಬೇಸಿಗೆಯಲ್ಲೂ ಬೇಗ ಏಳಬೇಕು. ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ, ಗುಡುಗು ಬಂದರೆ ಗೊಂಡೋಲಾ ನಿಲ್ಲಿಸುತ್ತಾರೆ.

ಹುಡುಗನ ಚಿಂತೆ ಬೇರೆಯೇ. ಹಿಮ ಸರಿಯಾಗಿ ಬೀಳುತ್ತಿಲ್ಲ ಅನ್ನುತ್ತಾನೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ, ಕಂದು ಹುಲ್ಲಿನಲ್ಲಿ ನಿಂತಿದ್ದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಹಿಮ ಬಂದಿದ್ದು ತಿಂಗಳ ಕೊನೆಗೆ. 2025ರಲ್ಲಿ ಅಲ್ಲಿ ಫೆಬ್ರವರಿಗೆ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಡಿಸೆಂಬರ್ 21ರಿಂದ ಶುರುವಾಗುವ ನಲವತ್ತು ದಿನದ ಚಿಲ್ಲಾಯ್ ಕಲಾನ್ ಕಾಶ್ಮೀರದ ಕಡು ಚಳಿಯ ಕಾಲ. ಆಗ ಬಿದ್ದ ಹಿಮ ಗಟ್ಟಿಯಾಗಿ ನಿಲ್ಲುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಿದ್ದಿದ್ದು ಬೇಗ ಕರಗುತ್ತದೆ. ಆದರೆ ಈಗೀಗ ಹಿಮ ಬರುವುದೇ ತಡವಾಗಿ. ಹಾಗಾಗಿ ಕ್ರಿಸ್‌ಮಸ್ ರಜೆಗೆ ಅಂತ ಬುಕ್ ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. ಫೆಬ್ರವರಿಯೇ ವಾಸಿ, ಅದೂ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು. ಎರಡನೇ ಹಂತ ಮುಚ್ಚಿದ್ದರೆ ಕಾಯುವುದಕ್ಕೆ ಬೇಕಾಗುತ್ತದೆ.

ಅಮ್ಮನಿಗೆ ಈಗ ಚಳಿಗಾಲದ್ದೂ ನೋಡಬೇಕಂತೆ. ಸ್ಕೀ ಗೀ ಏನೂ ಬೇಡ, ಗೊಂಡೋಲಾದ ಮೊದಲ ಹಂತ ಮತ್ತೆ ಬುಖಾರಿ ಇರುವ ರೂಮು ಇದ್ದರೆ ಸಾಕಂತೆ. ಮೇಕೆ ನಿಂತಿದ್ದ ಮನೆ ಎಷ್ಟು ಮುಳುಗಿರುತ್ತದೆ ಅಂತ ನೋಡುವ ಆಸೆ. ತಮ್ಮ ಮಾರ್ಚ್ ಮೊದಲ ವಾರ ಅನ್ನುತ್ತಿದ್ದಾನೆ. ಬೆಳಿಗ್ಗೆ ಗಟ್ಟಿ ಇದ್ದ ಹಿಮ ಹತ್ತು ಗಂಟೆ ಬಿಸಿಲಿಗೆ ಮೆತ್ತಗಾಗಿ ನನ್ನಂಥವರಿಗೆ ತಿರುಗುವುದು ಸುಲಭ ಆಗುತ್ತದಂತೆ. ನನಗೆ ಫೆಬ್ರವರಿ ಕೊನೆ ಆಗಬೇಕು, ರಜೆ ಇರುವುದು ಆಗಲೇ. ಸೌದೆ ಹಾಕುವ ಪಾಳಿ ಈ ಸಲ ಅವನದ್ದು ಅಂತ ಮಾತ್ರ ಮೊದಲೇ ಹೇಳಿಬಿಟ್ಟಿದ್ದೇನೆ.